ಓದುಗರ ಪ್ರಶ್ನೆ: ದುಡಿದ ಹಬೆಯನ್ನು ತಣಿಸುವುದೇಕೆ?

ಪ್ರಶ್ನೆ: ಉಷ್ಣ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ತಿರುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡುತ್ತಾರೆ. ಹಬೆಯನ್ನೇ ಬಾಯ್ಲರಿಗೆ ಕಳಿಸಿದರೆ ಕಲ್ಲಿದ್ದಲು ಉಳಿಯುವುದಿಲ್ಲವೇ?

ಉತ್ತರ: ಹಾಗೆ ಮಾಡಿದರೆ ವಿದ್ಯುತ್ತೇ ಉಳಿಯುವುದಿಲ್ಲ. ದೊಡ್ಡ ಬಾಯ್ಲರಿನೊಳಗೆ ಸುಮಾರು 170 ಬಾರ್ ಒತ್ತಡ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). ಒಳಗೆ ಏನನ್ನು ನುಗ್ಗಿಸಬೇಕಾದರೂ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕು. ಟರ್ಬೈನಿನ ಕೊನೆಯ ಬ್ಲೇಡು ದಾಟಿದ ಹಬೆ 0.1 ಬಾರ್, 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ; ಒಂದು ಕಿಲೋ ಹಬೆಗೆ 13 ಘನ ಮೀಟರಿನಷ್ಟು ಜಾಗ. ಅದನ್ನು ಹಾಗೇ ಅದುಮಹೊರಟರೆ ಟರ್ಬೈನಿನ ದುಡಿಮೆಯನ್ನೆಲ್ಲ ಕಂಪ್ರೆಸರೇ ನುಂಗುತ್ತದೆ. ನೀರಾದರೆ ಅದೇ ಒಂದು ಕಿಲೋ ಒಂದೇ ಲೀಟರು. ಫೀಡ್ ಪಂಪು ಸ್ಥಾವರದ ಉತ್ಪಾದನೆಯ ಶೇ. 2–3ರಷ್ಟು ಶಕ್ತಿಯಲ್ಲಿ ಅದನ್ನು ಒಳಗೆ ತಳ್ಳುತ್ತದೆ.

ತಂಪುನೀರಿನಿಂದ ಹಬೆಯನ್ನು ತಣಿಸುವ ಕಂಡೆನ್ಸರಿನಲ್ಲಿ ಅದು ನೀರಾಗಿ ಕುಗ್ಗುವಾಗ ನಿರ್ವಾತ ಉಂಟಾಗುತ್ತದೆ. ಟರ್ಬೈನಿನ ಕೊನೆಯ ಹಂತಗಳು ದುಡಿಯುವುದು ಈ ನಿರ್ವಾತದ ಬಲದಿಂದಲೇ. ಎಲ್ಲೋ ಒಂದು ಗ್ಲಾಂಡಿನಲ್ಲಿ (ತಿರುಗುವ ದಂಡದ ಸುತ್ತಲಿನ ಸೀಲು) ಗಾಳಿ ಸೋರಿ ಒಳಹೊಕ್ಕರೂ ಮೆಗಾವಾಟು ಇಳಿಯತೊಡಗುತ್ತದೆ. ಇದಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು: ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಅರ್ಧ ತಂಪುನೀರಿನ ಪಾಲು. ಕಿಲೋಗೆ 4000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲಾದರೆ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ 600 ಗ್ರಾಂ ಸುಡಬೇಕು.

ಪ್ರಶ್ನೆ: ಕಲ್ಲಿದ್ದಲು ಒದ್ದೆಯಾದರೆ ಉತ್ಪಾದನೆ ಏಕೆ ತಗ್ಗುತ್ತದೆ?

ಉತ್ತರ: ಬಾಯ್ಲರಿನಲ್ಲಿ ಉರಿಯುವುದು ಗಡ್ಡೆಯಲ್ಲ, ಪುಡಿ. ಅದರಲ್ಲಿ ಶೇ. 70ರಷ್ಟು 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗಿರಬೇಕು. ಬೀಸುವ ಮಿಲ್ಲಿಗೆ ಊದುವ ಬಿಸಿಗಾಳಿಯೇ ಪುಡಿಯನ್ನು ಒಣಗಿಸಿ ಬರ್ನರಿಗೆ ಹೊತ್ತೊಯ್ಯುತ್ತದೆ. ಮಿಲ್ಲಿನಿಂದ ಹೊರಬರುವ ಗಾಳಿ 70–90 ಡಿಗ್ರಿ ಇದ್ದರೆ ಸರಿ. ತೇವ ಹೆಚ್ಚಿದರೆ ಅದು ಇಳಿಯುತ್ತದೆ, ಪುಡಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಬಿಸಿಗಾಳಿಯ ಡ್ಯಾಂಪರನ್ನು (ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ಬಾಗಿಲು) ಪೂರ್ತಿ ತೆರೆದರೂ ಸಾಲದಿದ್ದಾಗ ಮಿಲ್ಲಿಗೆ ಕಲ್ಲಿದ್ದಲು ಉಣಿಸುವ ಫೀಡರಿನ ವೇಗ ಇಳಿಸದೆ ವಿಧಿಯಿಲ್ಲ.

ಇದಕ್ಕಿಂತ ಕೆಟ್ಟದ್ದು ಫೀಡರಿನ ಮೇಲಿನ ಬಂಕರಿನಲ್ಲಿ (ಕಲ್ಲಿದ್ದಲು ತುಂಬಿಡುವ ತೊಟ್ಟಿ) ಒದ್ದೆ ಕಲ್ಲಿದ್ದಲು ಕಮಾನಿನಂತೆ ಕಟ್ಟಿ ನಿಲ್ಲುವುದು. ಮೇಲೆ ರಾಶಿಯಿದ್ದರೂ ಫೀಡರ್ ಬರಿದಾಗಿ ಓಡುತ್ತದೆ; ಒಣಗಿಸಲು ಕಲ್ಲಿದ್ದಲಿಲ್ಲದ ಬಿಸಿಗಾಳಿ ಮಿಲ್ಲನ್ನು ಕ್ಷಣದಲ್ಲಿ ಕಾಯಿಸುತ್ತದೆ, ಉಳಿದ ಪುಡಿಗೆ ಬೆಂಕಿ ಹತ್ತಬಹುದು. ಆಗ ಮೊದಲು ಬಿಸಿಗಾಳಿ ಮುಚ್ಚಿ ತಣ್ಣನೆ ಗಾಳಿ ತೆರೆಯಬೇಕು. ಬಂಕರ್ ಬಡಿಯುವ ಕೆಲಸ ಆಮೇಲೆ.

ಪ್ರಶ್ನೆ: ಸೊಂಟ ಸಣ್ಣಗಿರುವ ದೈತ್ಯ ಗೋಪುರದಿಂದ ಏಳುವ ಬಿಳಿ ಹೊಗೆ ವಿಷವೇ?

ಉತ್ತರ: ಅದು ಹೊಗೆಯೇ ಅಲ್ಲ. ಕಂಡೆನ್ಸರಿನ ತಂಪುನೀರು ತನ್ನ ಶಾಖ ಬಿಡುವಾಗ ಏಳುವ ನೀರಾವಿ. ಹೊಗೆ ಹೋಗುವುದು ಪಕ್ಕದ ತೆಳ್ಳನೆಯ ಎತ್ತರದ ಚಿಮಣಿಯಿಂದ. ಹಾರುಬೂದಿ ಹಿಡಿಯುವ ಯಂತ್ರ ಸರಿಯಾಗಿದ್ದರೆ ಆ ಹೊಗೆ ಕಣ್ಣಿಗೆ ಕಾಣುವುದೂ ಕಡಿಮೆ.