ಫಾಗ್ ಲ್ಯಾಂಪ್ ಹಾಕಿದರೆ ಇಂಜಿನ್ ಕುದಿಯುತ್ತದೆಯೇ?

ಪ್ರಶ್ನೆ: ಚೋರ್ಲಾ ಘಾಟಿನಲ್ಲಿ ಬೆಳಗಾವಿಗೆ ಹೋಗಿಬರುವವನು ನಾನು. ಹಳೆಯ ಕಾರಿಗೆ ಟೆಂಪರೇಚರ್ ಗೇಜು, ವೋಲ್ಟ್‌ಮೀಟರು, 55 ವಾಟಿನ ಎರಡು ಫಾಗ್ ಲ್ಯಾಂಪು ಹಾಕಿಸಿದೆ. ಲ್ಯಾಂಪಿನ ಸ್ವಿಚ್ಚು ಒತ್ತಿದರೆ ಸಾಕು, ಟೆಂಪರೇಚರ್ ಮುಳ್ಳು 90ರಿಂದ 100ಕ್ಕೆ ನೆಗೆಯುತ್ತದೆ. ರೇಡಿಯೇಟರ್ ತೊಳೆಸಿದೆ, ಥರ್ಮೋಸ್ಟಾಟ್ ಬದಲಿಸಿದೆ. ಎಲ್ಲ ಕಪ್ಪು ವಯರುಗಳೂ ಡ್ಯಾಶ್‌ಬೋರ್ಡ್ ಹಿಂದೆ ಒಂದೇ ಸ್ಕ್ರೂವಿನಲ್ಲಿವೆ. ಏನು ಮಾಡಲಿ?
– ಓದುಗರೊಬ್ಬರು, ವಾಸ್ಕೋ

ಉತ್ತರ: ನಿಮ್ಮ ಕೊನೆಯ ವಾಕ್ಯಕ್ಕೆ ಮುಂಚಿನದೇ ಉತ್ತರ ಮಾರಾಯ್ರೆ, ಆ ಒಂದು ಸ್ಕ್ರೂ! ಸ್ವಿಚ್ಚು ಒತ್ತಿದ ಕ್ಷಣದಲ್ಲೇ ನೀರು ಹತ್ತು ಡಿಗ್ರಿ ಬಿಸಿಯಾಗುವುದುಂಟೇ? ಇನ್ನೊಮ್ಮೆ ಲ್ಯಾಂಪು ಹಾಕುವಾಗ ವೋಲ್ಟ್‌ಮೀಟರನ್ನೂ ನೋಡಿ. ಅದರ ಮುಳ್ಳು ಕೆಳಗಿಳಿದಿರುತ್ತದೆ. ಒಂದು ಮೇಲೆ, ಒಂದು ಕೆಳಗೆ, ಒಟ್ಟಿಗೇ ಓಡಿದರೆ ಅರ್ಥಿಂಗ್ (ಕಪ್ಪು ವಯರಿನಿಂದ ಕಾರಿನ ತಗಡಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಕೆಟ್ಟಿದೆಯೆಂದೇ ನಾನು ಮೊದಲು ಅನುಮಾನಿಸುವುದು.

ಎರಡು ಲ್ಯಾಂಪು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ತುಕ್ಕು, ಪೇಂಟಿನ ಮೇಲೆ ಕೂತ ಸ್ಕ್ರೂವಿನಲ್ಲಿ 0.05 ಓಮ್ ತಡೆಯಿದ್ದರೂ ಅಲ್ಲಿ 0.45 ವೋಲ್ಟ್ ನಿಂತಿತು. ಗೇಜು ಸೊನ್ನೆ ವೋಲ್ಟೆಂದು ನಂಬಿದ ಅರ್ಥೇ ಅಷ್ಟು ಮೇಲೆದ್ದಿತು. ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ ಸೆಂಡರಿನ ಸೊನ್ನೆ ಮಾತ್ರ ಇಂಜಿನ್ ಬ್ಲಾಕಿನಲ್ಲಿ ಇದ್ದಲ್ಲೇ ಇದೆ. ಈ ವ್ಯತ್ಯಾಸವನ್ನು ಪಾಪದ ಗೇಜು ಬಿಸಿಯೆಂದು ಓದುತ್ತದೆ.

ನಂಬಿಕೆ ಬಾರದಿದ್ದರೆ ಅಳೆಯಿರಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು, ಇಂಜಿನ್ ಚಾಲೂ ಮಾಡಿ, ಲ್ಯಾಂಪು ಹಾಕಿ. ಕಪ್ಪು ಪ್ರೋಬು ಬ್ಯಾಟರಿಯ ಮೈನಸ್ ಸೀಸದ ಗೂಟದ ಮೇಲೇ (ಕ್ಲಾಂಪಿನ ಮೇಲಲ್ಲ), ಕೆಂಪು ಪ್ರೋಬು ಗೇಜಿನ ಕಪ್ಪು ವಯರಿನ ತುದಿಗೆ. 0.1 ವೋಲ್ಟಿನೊಳಗಿದ್ದರೆ ನನ್ನ ಮಾತು ಸುಳ್ಳು.

ಆಮೇಲೆ ಬ್ಯಾಟರಿಯ ಮೈನಸ್ ಕಳಚಿ ಕೆಲಸಕ್ಕಿಳಿಯಿರಿ. ಲ್ಯಾಂಪುಗಳ ಕಪ್ಪು ವಯರನ್ನು ಮುಂದೆಯೇ, ಲ್ಯಾಂಪಿನ ಹತ್ತಿರ ಕಾರಿನ ತಗಡಿಗೇ ಜೋಡಿಸಿ. ಗೇಜುಗಳಿಗೆ ಬೇರೆ ಜಾಗ. ಪೇಂಟು ಕೆರೆದು ತಗಡು ಬೆಳ್ಳಗೆ ಹೊಳೆಯಬೇಕು. ವಯರಿನ ತುದಿಗೆ ರಿಂಗ್ ಲಗ್ (ಉಂಗುರದಂಥ ಲೋಹದ ತುದಿ) ಒತ್ತಿ, ಹಲ್ಲಿನ ವಾಷರ್ ಹಾಕಿ, ಬೋಲ್ಟು ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ನಿಮ್ಮೂರ ಉಪ್ಪುಗಾಳಿ ಒಂದು ಮಳೆಗಾಲವೂ ಕಾಯುವುದಿಲ್ಲ. ಇಂಜಿನ್ನಿನಿಂದ ಕಾರಿನ ತಗಡಿಗೆ ಬರುವ ಹೆಣೆದ ಪಟ್ಟಿಯೂ ಹಸಿರುಗಟ್ಟಿದೆಯೇ ನೋಡಿಬಿಡಿ.

ಸೆಂಡರ್ ಬಿಚ್ಚಿದರೆ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಬೇಡಿ. ಒಂದೇ ವಯರಿನ ಸೆಂಡರಿಗೆ ಆ ಥ್ರೆಡ್ಡೇ ಅರ್ಥ್. ಮುಂಬಯಿಯ ಸಯನ್‌ನಲ್ಲಿ ನಾನು ಹೊಸದಾಗಿ ಗ್ಯಾರೇಜು ಹಾಕಿದ್ದಾಗ ನಲ್ಲಿಗೆ ಸುತ್ತುವ ಹಾಗೆ ನಾಲ್ಕು ಸುತ್ತು ಸುತ್ತಿದ್ದೆ. ಖಂಡಾಲಾ ಘಾಟಿನಲ್ಲಿ ಬಾನೆಟ್ಟಿನಿಂದ ಹಬೆ ಏಳುತ್ತಿದೆ, ಮುಳ್ಳು ಮಾತ್ರ ತಣ್ಣಗೆ ಮಲಗಿದೆ! ಗಿರಾಕಿಗೆ ದುಡ್ಡು ವಾಪಸು ಕೊಟ್ಟೆ, ಬೈಗುಳ ಉಚಿತವಾಗಿ ಪಡೆದೆ.

ಹಳೆಯ ಥರ್ಮೋಸ್ಟಾಟ್ ಎಸೆದಿಲ್ಲ ತಾನೇ? ಅದು ಸರಿಯಾಗಿಯೇ ಇದ್ದಿರಬೇಕು.