ಸಂಪಾದಕರ ಉತ್ತರ: ಆಟ ಚೆನ್ನಾಗಿತ್ತಾ, ವಯಸ್ಸು ಚೆನ್ನಾಗಿತ್ತಾ?

ಮೇಷ್ಟ್ರೇ, ನಿಮ್ಮ ಪತ್ರ ಬಂದು ಮೂರು ವಾರ ಆಯ್ತು. ಉತ್ತರ ತಡ ಆಗಿದ್ದಕ್ಕೆ ಆಫೀಸಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಲ್ಲ, ನೀವು ಬರೆದಿದ್ದು ಓದಿ ನಾನೂ ಆ ಆಟ ಹಾಕ್ಕೊಂಡು ಕೂತ್ಬಿಟ್ಟೆ, ಅಷ್ಟೇ.

ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ಪತ್ರದ ಸಾರ ಹೇಳ್ಬಿಡ್ತೀನಿ. ಬರೆದಿರೋರು ಮಂಡ್ಯದ ಹೈಸ್ಕೂಲ್ ಗಣಿತ ಮೇಷ್ಟ್ರು, ಸ್ಟಾಫ್ ರೂಮಲ್ಲಿ ಆಡ್ಕೊಂಡು ನಗ್ತಾರೆ ಹೆಸರು ಹಾಕ್ಬೇಡಿ ಅಂದಿದಾರೆ. 1996-97ರಲ್ಲಿ ಭಾವನ ಮನೇಲಿದ್ದ 486 ಕಂಪ್ಯೂಟರಲ್ಲಿ ರಾತ್ರಿಯೆಲ್ಲ ಮಂಕಿ ಐಲ್ಯಾಂಡ್ ಅನ್ನೋ, ಕಡಲ್ಗಳ್ಳರ ಕತೇಲಿ ಒಗಟು ಬಿಡಿಸ್ತಾ ಹೋಗೋ ಅಡ್ವೆಂಚರ್ ಆಟ ಆಡಿದೋರು. ಈ ಬೇಸಿಗೆ ರಜೇಲಿ ಅದನ್ನ ಲ್ಯಾಪ್‌ಟಾಪಿಗೆ ಹಾಕಿ ಎಂಟನೇ ಕ್ಲಾಸ್ ಮಗಳ ಮುಂದೆ ಇಟ್ರಂತೆ, ಅವಳು ಹತ್ತೇ ನಿಮಿಷಕ್ಕೆ "ಅಪ್ಪಾಜಿ, ಇದ್ರಲ್ಲಿ ಏನೂ ಆಗ್ತಾನೇ ಇಲ್ಲ" ಅಂತ ಎದ್ದು ಹೋದ್ಲಂತೆ. ಅದಕ್ಕೆ ಮೇಷ್ಟ್ರ ಪ್ರಶ್ನೆ: ಆಟ ನಿಜವಾಗ್ಲೂ ಚೆನ್ನಾಗಿತ್ತಾ, ಇಲ್ಲ ನಮ್ಮ ವಯಸ್ಸು ಚೆನ್ನಾಗಿತ್ತಾ? ಜೊತೆಗೆ ಒಂದು ವಿನಂತಿ, ಎರಡನೇ ಮಂಕಿ ಐಲ್ಯಾಂಡಲ್ಲಿ ಜಲಪಾತದ ಹತ್ರ 1997ರಿಂದ ಸಿಕ್ಕಾಕ್ಕೊಂಡಿದಾರೆ, ಇಂಟರ್ನೆಟ್ಟಲ್ಲಿ ನೋಡಲ್ಲ ಅನ್ನೋ ಹಠ ಬೇರೆ, ಉತ್ತರ ಬೇಡ, ಬರೀ ಒಂದು ಸುಳಿವು ಕೊಡಿ ಅಂತ. ಅದು ಕೊನೇಗೆ ಇರ್ಲಿ.

ಮೊದ್ಲು ಬೇಜಾರಿನ ಮಾತು. ಆ ಕಾಲದ ಆಟಗಳಲ್ಲಿ ಸುಮಾರು ನಮ್ಮನ್ನ ಗೋಳುಹೊಯ್ಕೊಳ್ಳೋಕೇ ಮಾಡಿದ್ವೇನೋ ಅನ್ಸುತ್ತೆ. 1990ರ ಕಿಂಗ್ಸ್ ಕ್ವೆಸ್ಟ್ ಐದನೇದು ನೆನಪಿದ್ಯಾ? ಬೀದೀಲಿ ಬೆಕ್ಕು ಇಲೀನ ಅಟ್ಟಿಸ್ಕೊಂಡು ಓಡುತ್ತೆ, ಆ ಕ್ಷಣದಲ್ಲೇ ಹಳೇ ಬೂಟು ಎಸೆದು ಇಲೀನ ಉಳಿಸ್ಬೇಕು, ಇಲ್ಲಾಂದ್ರೆ ಎಷ್ಟೋ ಹೊತ್ತಾದ ಮೇಲೆ ನಿಮ್ಮನ್ನ ಕಟ್ಟಿಹಾಕ್ದಾಗ ಹಗ್ಗ ಕಡಿಯೋಕೆ ಆ ಇಲಿ ಇರಲ್ಲ, ಅಲ್ಲಿಗೆ ಕತೆ ಮುಗೀತು. ಯಾಕೆ ಸತ್ವಿ ಅಂತಾನೂ ಹೇಳಲ್ಲ. ಬೇಕರೀಲಿ ತಗೊಂಡ ಪೈ ಹಸಿವಾಯ್ತು ಅಂತ ತಿಂದ್ಬಿಟ್ರೂ ಅಷ್ಟೇ, ಮುಂದೆ ಹಿಮದಲ್ಲಿ ಯೇತಿ ಮುಖಕ್ಕೆ ಎಸೆಯೋಕೆ ಏನೂ ಇರಲ್ಲ. ಇದನ್ನ ಕಷ್ಟದ ಆಟ ಅಂತ ಹೊಗಳೋರನ್ನ ಕಂಡ್ರೆ ನಂಗೆ ಈಗ್ಲೂ ಸಿಟ್ಟು ಬರುತ್ತೆ, ಇದು ಕಷ್ಟ ಅಲ್ಲ, ಮೋಸ.

ಮಂಕಿ ಐಲ್ಯಾಂಡ್ ಮಾಡಿದ ರಾನ್ ಗಿಲ್ಬರ್ಟ್‌ಗೂ ಇದೇ ಸಿಟ್ಟು ಇತ್ತು. ಈ ಥರ ಆಟಗಳು ಯಾಕೆ ಕೆಟ್ಟದಾಗಿವೆ ಅಂತ 1989ರಲ್ಲೇ ಒಂದು ಲೇಖನ ಬರೆದ, ಮಾರನೇ ವರ್ಷ ಮಂಕಿ ಐಲ್ಯಾಂಡ್ ಹೊರಗೆ ತಂದ. ಅದ್ರಲ್ಲಿ ಸಾಯೋದು ಅಂದ್ರೆನೇ ಕಷ್ಟ. ಹೀರೋ 10 ನಿಮಿಷ ಉಸಿರು ಕಟ್ತೀನಿ ಅಂತ ಜಂಬ ಕೊಚ್ಕೊಳ್ತಾನೆ, ನೀರೊಳಗೆ ಅವನನ್ನ ಬಿಟ್ಟು ಸುಮ್ನೆ ಕೂತ್ರೆ ಸರಿಯಾಗಿ 10 ನಿಮಿಷಕ್ಕೆ ಸಾಯ್ತಾನೆ. ನಾವು ಕೂತು ನೋಡಿದೀವಿ, ಗಡಿಯಾರ ಇಟ್ಕೊಂಡು.

ನಾವು ಅಂದ್ರೆ ಯಾರು ಅಂತ ಹೇಳ್ಬೇಕು. 1994, ಮೈಸೂರು, ಸರಸ್ವತಿಪುರಂನಲ್ಲಿ ಒಂದು ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸು. ಚಪ್ಪಲಿ ಹೊರಗೆ ಬಿಡ್ಬೇಕು, ಧೂಳು ಬಂದ್ರೆ ವೈರಸ್ ಬರುತ್ತೆ ಅಂತ ನಮ್ ಸರ್ ನಂಬಿದ್ರೋ ಹೆದರಿಸ್ತಿದ್ರೋ ದೇವರಿಗೇ ಗೊತ್ತು. ಒಂದು ಗಂಟೆ ಬ್ಯಾಚು, ಒಂದು ಮಿಷನ್‌ಗೆ ಮೂರು ಜನ. ಎಲ್ಲರ ಹಾಗೆ ನಾವೂ ಶುರು ಮಾಡಿದ್ದು ಪ್ರಿನ್ಸ್ ಆಫ್ ಪರ್ಷಿಯಾದಿಂದ, ಅದ್ರಲ್ಲಿ ರಾಜಕುಮಾರೀನ ಉಳಿಸೋಕೆ 60 ನಿಮಿಷ, ನಮ್ಮ ಬ್ಯಾಚೂ 60 ನಿಮಿಷ, ಹಾಜರಿ ಕರೆದು ಕಂಪ್ಯೂಟರ್ ಆನ್ ಆಗೋದ್ರಲ್ಲಿ ಹತ್ತು ನಿಮಿಷ ಹೋಗೋದು, ಸೇವ್ ಮಾಡ್ಬೋದು ಅನ್ನೋದೇ ಗೊತ್ತಿರ್ಲಿಲ್ಲ, ಹಂಗಾಗಿ ನಮ್ಮ ರಾಜಕುಮಾರಿ ವರ್ಷಪೂರ್ತಿ ಸೆರೇಲೇ ಇದ್ಲು.

ಮಂಕಿ ಐಲ್ಯಾಂಡ್ ತಂದವನು ಪಾಂಡವಪುರದಿಂದ ದಿನಾ ರೈಲಲ್ಲಿ ಬರ್ತಿದ್ದ ಗೆಳೆಯ. ಆಗ ಆಟದ ಡಬ್ಬಿ ಜೊತೆ ರಟ್ಟಿನ ಚಕ್ರ ಒಂದು ಬರ್ತಿತ್ತು, ಕಡಲ್ಗಳ್ಳನ ಮುಖದ ಮೇಲರ್ಧ ಕೆಳಗರ್ಧ ಜೋಡಿಸಿದ್ರೆ ಅವನನ್ನ ನೇಣಿಗೆ ಹಾಕಿದ ಇಸವಿ ಕಾಣೋದು, ಅದನ್ನ ಟೈಪ್ ಮಾಡಿದ್ರೇನೇ ಆಟದೊಳಗೆ ಪ್ರವೇಶ. ಕಾಪಿ ಹೊಡೆಯೋರನ್ನ ತಡೆಯೋಕೆ ಅಂತ ಮಾಡಿದ್ದು. ನಮ್ಮೋನು ಅದರ ಜೆರಾಕ್ಸ್ ತೆಗ್ಸಿ, ಯಾರದೋ ಲಗ್ನಪತ್ರಿಕೆ ರಟ್ಟಿಗೆ ಅಂಟಿಸಿ, ಮಧ್ಯ ಗುಂಡುಪಿನ್ನು ಚುಚ್ಚಿ ತಂದಿದ್ದ. ಜೆರಾಕ್ಸಲ್ಲಿ ಎಲ್ಲಾ ಗಡ್ಡನೂ ಒಂದೇ ಥರ ಕರ್ರಗೆ. ತಿರುಗಿಸಿದ್ರೆ ಹಿಂದ್ಗಡೆ "ಸಹಕುಟುಂಬ ಪರಿವಾರ ಸಮೇತರಾಗಿ" ಅಂತ ಕಾಣೋದು.

ಈಗ ನಿಮ್ಮ ಮಗಳ ಮಾತಿಗೆ ಬರ್ತೀನಿ. ಏನೂ ಆಗ್ತಾನೇ ಇಲ್ಲ ಅಂದ್ಲಲ್ಲ, ಅವಳು ಹೇಳಿದ್ದು ಸರೀನೇ. ನಮಗೂ ಸ್ಕ್ರೀನಲ್ಲಿ ಏನೂ ಆಗ್ತಿರ್ಲಿಲ್ಲ, ಆಗ್ತಿದ್ದಿದ್ದೆಲ್ಲ ಕುರ್ಚಿ ಮೇಲೆ! ಆ ಆಟದಲ್ಲಿ ಒಂದು ರಬ್ಬರ್ ಕೋಳಿ ಸಿಗುತ್ತೆ, ಅದರ ಮಧ್ಯ ಒಂದು 'ಪುಲ್ಲಿ' ಇದೆ ಅಂತ ಬರೆದಿರುತ್ತೆ. ನಾವು ಮೂವರೂ ಕನ್ನಡ ಮೀಡಿಯಂ. ಪುಲ್ಲಿ ಅಂದ್ರೆ ಕೋಳಿ ಒಳಗಿನ ಯಾವುದೋ ಭಾಗ, ಗುಂಡ್ಗೆ ಪಕ್ಕದ್ದು, ಅಂತ ಒಬ್ಬ ಸಾಧಿಸ್ಬಿಟ್ಟ, ನಾವು ಒಪ್ಕೊಂಡ್ವಿ. ಎಂಟು ದಿನ ಆ ಕೋಳೀನ ಕಂಡಕಂಡೋರಿಗೆಲ್ಲ ತಿನ್ನಿಸೋಕೆ ನೋಡಿದ್ವಿ. ಒಂದಿನ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬರ್ತಾ ಪಾಂಡವಪುರದೋನು ನಿಂತ್ಬಿಟ್ಟ, ಬ್ಯಾಗಿಂದ ಡಿಕ್ಷನರಿ ತೆಗೆದ, "ಲೋ, ರಾಟೆ ಕಣ್ರೋ! ನಮ್ಮ ಬಾವಿ ರಾಟೆ!" ಅಂದ. ದ್ವೀಪದಿಂದ ಪಕ್ಕದ ದ್ವೀಪಕ್ಕೆ ಕೇಬಲ್ ಎಳೆದಿತ್ತಲ್ಲ, ಕೋಳಿ ಹಿಡ್ಕೊಂಡು ಜಾರಿಕೊಂಡು ಹೋಗೋಕೆ! ಆವತ್ತು ಅವನು ಏಳು ಗಂಟೆ ರೈಲು ತಪ್ಪಿಸ್ಕೊಂಡ.

ಇನ್ನೊಂದು. ಆಟದಲ್ಲಿ ಕತ್ತಿ ಕಾಳಗ ಗೆಲ್ಲೋದು ಕತ್ತೀಲಲ್ಲ, ಬೈಗುಳದಲ್ಲಿ. ಅವನು ಬೈದಿದ್ದಕ್ಕೆ ಸರಿಯಾದ ತಿರುಗೇಟು ಕೊಟ್ಟೋನೇ ಗೆದ್ದಂಗೆ. ಅದ್ರಲ್ಲಿ ಒಬ್ಬ ನಿನ್ ಕಾಳಗ ಹಾಲು ಕರೆಯೋ ರೈತನ ಥರ ಇದೆ ಅಂತಾನೆ. ನಮ್ಮ ಪಾಂಡವಪುರದೋನಿಗೆ ಇದು ಅರ್ಥಾನೇ ಆಗ್ಲಿಲ್ಲ. "ನಮ್ಮಪ್ಪ ದಿನಾ ಡೈರಿಗೆ ಹಾಲು ಹಾಕ್ತಾರೆ, ಇದ್ರಲ್ಲಿ ಬೈಗುಳ ಎಲ್ಲದೆ?" ಅಂದ. ಹಂಗಾದ್ರೆ ನೀನು ಹಸು ಥರ ಕಾದಾಡ್ತೀಯ ಅನ್ನೋದು ಅದಕ್ಕೆ ತಿರುಗೇಟು ಅಂತ ಗೊತ್ತಾದಾಗ ಮಾತ್ರ ಬಿದ್ದು ಬಿದ್ದು ನಕ್ಕ.

ಹಂಗಾಗಿ ನನ್ನ ಲೆಕ್ಕ ಇಷ್ಟೇ ಮೇಷ್ಟ್ರೇ, ಫ್ಲಾಪೀಲಿ ಇದ್ದಿದ್ದು ಅರ್ಧ ಆಟ, ಉಳಿದರ್ಧ ಪಕ್ಕದ ಕುರ್ಚಿಯೋನ ಹತ್ರ ಇರ್ತಿತ್ತು. ನೀವು ಮಗಳಿಗೆ ಫ್ಲಾಪೀದು ಮಾತ್ರ ಕೊಟ್ರಿ.

ಎಲ್ಲಾ ಆಟಕ್ಕೂ ಈ ಲೆಕ್ಕ ಹೊಂದಲ್ಲ, ಅದೂ ಹೇಳ್ಬೇಕು. ರೋಲ್ ಪ್ಲೇಯಿಂಗ್ ಆಟಗಳು, ಅಂದ್ರೆ ನಾವೇ ಒಂದು ಪಾತ್ರ ಆಗಿ ಅದನ್ನ ಬೆಳೆಸ್ತಾ ಹೋಗೋವು, ಒಬ್ಬೊಬ್ಬರೇ ಕೂತು ಆಡೋವು. ನಂಗೆ ಅದ್ರಲ್ಲಿ ಇಷ್ಟ ಆಗಿದ್ದು ರಿಚರ್ಡ್ ಗ್ಯಾರಿಯಟ್‌ನ ಅಲ್ಟಿಮಾ ನಾಲ್ಕನೇದು, 1985ರದ್ದು, ನಾನು ಆಡಿದ್ದು ಬಹಳ ತಡವಾಗಿ, ಹಳೇ ಆಟಗಳನ್ನ ಹೊಸ ಕಂಪ್ಯೂಟರಲ್ಲಿ ಓಡಿಸೋ ಡಾಸ್‌ಬಾಕ್ಸಲ್ಲಿ. ಅದ್ರಲ್ಲಿ ಕೊಲ್ಲೋಕೆ ರಾಕ್ಷಸ ರಾಜ ಅಂತ ಯಾರೂ ಇಲ್ಲ. ಪ್ರಾಮಾಣಿಕತೆ, ದಯೆ, ಧೈರ್ಯ, ವಿನಯ ಹಿಂಗೆ ಎಂಟು ಗುಣ ಸಾಧಿಸಿ ನೀವು 'ಅವತಾರ್' ಆಗ್ಬೇಕು, ಪದ ನಮ್ಮ ಕಡೇದೇ. ಗಿಡಮೂಲಿಕೆ ಮಾರೋಳು ಕುರುಡಿ, ದುಡ್ಡು ನೀವೇ ಎಣಿಸಿ ಕೊಡ್ಬೇಕು. ನಾನು ಒಂದು ನಾಣ್ಯ ಕೊಟ್ಟು ಬಂದೆ. ಏನೂ ಆಗ್ಲಿಲ್ಲ. ಇನ್ನೊಂದ್ಸಲ ಹಂಗೇ ಮಾಡ್ದೆ, ಆಗ್ಲೂ ಏನಿಲ್ಲ. ಆಮೇಲೆ ಅರಮನೇಲಿ ಒಬ್ಬ ಜ್ಞಾನಿ ಹತ್ರ ಹೋಗಿ ಕೇಳಿದ್ರೆ ಪ್ರಾಮಾಣಿಕತೇಲಿ ನಾನು ಪಾತಾಳದಲ್ಲಿದ್ದೆ. ನಮ್ಮಜ್ಜಿ ಏಕಾದಶಿ ಜಾಗರಣೆಗೆ ಹಾಸ್ತಿದ್ದ ಪರಮಪದದ ಪಟ ನೆನಪಾಯ್ತು, ಗುಣಕ್ಕೊಂದು ಏಣಿ, ದುರ್ಗುಣಕ್ಕೊಂದು ಹಾವು. ವ್ಯತ್ಯಾಸ ಏನಂದ್ರೆ ಅಜ್ಜಿ ಪಟದಲ್ಲಿ ಹಾವು ಎದುರಿಗೇ ಕಾಣೋದು, ಇಲ್ಲಿ ಕಚ್ಚಿದ್ಮೇಲೂ ಕಾಣಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹಲಗೆ ಆಟಗಳನ್ನ ತಾವೇ ಕಟ್ಟಿ, ಜಗನ್ಮೋಹನ ಅರಮನೆ ಗೋಡೆ ಮೇಲೆ ಬರೆಸಿಟ್ಟ ಊರು ನಮ್ದು, ಅವರಿಗೆ ಇದನ್ನ ತೋರಿಸಿದ್ರೆ ಮೆಚ್ಚೋರು ಅನ್ಕೊಂಡಿದೀನಿ.

ಮಗಳ ವಿಷಯಕ್ಕೆ ಇನ್ನೊಂದು ಮಾತು. ಈ ಅಡ್ವೆಂಚರ್ ಆಟಗಳ ಮೂಲ ಪುರುಷ ವಿಲ್ ಕ್ರೌಥರ್ ಅಂತ ಅಮೆರಿಕದ ಪ್ರೋಗ್ರಾಮರ್, ಹೆಂಡತಿ ಜೊತೆ ಗುಹೆಗಳನ್ನ ಸುತ್ತಿ ನಕ್ಷೆ ಮಾಡ್ತಿದ್ದೋನು. 1970ರ ದಶಕದ ಮಧ್ಯದಲ್ಲಿ ಮದುವೆ ಮುರೀತು. ಹೆಣ್ಣುಮಕ್ಕಳು ತನ್ನ ಹತ್ರ ಬಂದಾಗ ಆಡ್ಲಿ ಅಂತ ಕೆಂಟಕಿಯ ಆ ಗುಹೇನೇ ಕಂಪ್ಯೂಟರಲ್ಲಿ ಬರೆದ, ಚಿತ್ರ ಒಂದೂ ಇಲ್ಲ, ಬರೀ ಅಕ್ಷರ, ಎರಡೆರಡು ಪದ ಟೈಪ್ ಮಾಡ್ಬೇಕು. 1977ರಲ್ಲಿ ಡಾನ್ ವುಡ್ಸ್ ಅನ್ನೋನು ಅದನ್ನ ಬೆಳೆಸಿದ್ಮೇಲೆ ಊರೂರಿಗೆ ಹೋಯ್ತು.

ಹೋದ ದಸರಾ ರಜೇಲಿ ನನ್ನ ಅಕ್ಕನ ಮಗನೂ ನಿಮ್ಮ ಮಗಳ ಥರಾನೇ ಆಕಳಿಸಿದ್ದ. ನಾನು ಪಕ್ಕ ಕೂತು ಆ ಬೈಗುಳಗಳನ್ನ ಕುರುಕ್ಷೇತ್ರ ನಾಟಕದ ದುರ್ಯೋಧನನ ಧಾಟೀಲಿ, ತೊಡೆ ತಟ್ಕೊಂಡು, ಕನ್ನಡದಲ್ಲಿ ಓದೋಕೆ ಶುರು ಮಾಡ್ದೆ. ತಿರುಗೇಟು ಅವನು ಹೇಳ್ಬೇಕು. ಊಟಕ್ಕೆ ಅಕ್ಕ ನಾಕು ಸಲ ಕರೆದ್ಲು. ಅವನು ಆಟ ಪೂರ್ತಿ ಮುಗಿಸ್ಲಿಲ್ಲ ಬಿಡಿ, ಮೂರನೇ ದಿನ ಕ್ರಿಕೆಟ್‌ಗೆ ಹೋದ. ಆದ್ರೆ ಈಗ್ಲೂ ಫೋನ್ ಮಾಡಿದ್ರೆ ಹಲೋ ಅನ್ನಲ್ಲ, ಬೈಗುಳದಲ್ಲೇ ಶುರು ಮಾಡೋದು.

ಸರಿ, ನಿಮ್ಮ ಜಲಪಾತ. ನೀರು ನಿಲ್ಲಿಸೋಕೆ ಆ ಪಂಪ್ ತಿರುಗಿಸ್ಬೇಕು, ಕೈಲಿ ಆಗಲ್ಲ, ಒಂದು ಟೂಲ್ ಬೇಕು, ಇಷ್ಟು ನಿಮಗೂ ಗೊತ್ತಿರುತ್ತೆ. ನೀವು ಹುಡುಕ್ತಿರೋದು ಸ್ಪ್ಯಾನರ್, ಅದೇ ತಪ್ಪಾಗಿರೋದು, ಆಟ ಬರೆದೋರು ಅಮೆರಿಕದೋರು, ಅವರು ಅದಕ್ಕೆ ಸ್ಪ್ಯಾನರ್ ಅನ್ನಲ್ಲ. ಪಾನಾಗೆ ಅವರ ಕಡೆ ಏನಂತಾರೆ ಅಂತ ನಿಮ್ಮ ಸ್ಕೂಟರ್ ಮೆಕ್ಯಾನಿಕ್ಕನ್ನ ಕೇಳಬೇಡಿ, ಅವನಿಗೂ ಗೊತ್ತಿರಲ್ಲ, ದೊಡ್ಡ ಡಿಕ್ಷನರಿ ತೆಗೀರಿ, ಮಗಳ ಕೈಲೇ ತೆಗ್ಸಿ. ಎಸ್ ಅಕ್ಷರ ಬೇಡ, ಡಬ್ಲ್ಯೂನೂ ಬೇಡ, ಎಮ್‌ನಲ್ಲಿ ಹುಡುಕಿ.