ಕಾಲುರಿಗೆ ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ, ಡಾಕ್ಟರು ತಪ್ಪು ಮಾಡಿದರಾ?

ಸಕ್ಕರೆ ಕಾಯಿಲೆಯ ನಿಮ್ಮ ತಾಯಿಗೆ ರಾತ್ರಿಯೆಲ್ಲ ಪಾದ ಉರಿ. ಡಾಕ್ಟರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದರು. ಮೆಡಿಕಲ್ ಶಾಪಿನವರು ‘ಇದು ಡಿಪ್ರೆಶನ್ ಮಾತ್ರೆ’ ಅಂದದ್ದೇ ತಡ, ‘ನನಗೇನು ತಲೆ ಕೆಟ್ಟಿದೆಯಾ’ ಎಂದು ಅವರು ನುಂಗುತ್ತಿಲ್ಲ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಡಾಕ್ಟರು ಬರೆದದ್ದೂ ತಪ್ಪಲ್ಲ.

ಡೋಸ್ ನೋಡಿ. ಖಿನ್ನತೆಗಾದರೆ ದಿನಕ್ಕೆ ಸಾಮಾನ್ಯವಾಗಿ 75ರಿಂದ 150 ಮಿಲಿಗ್ರಾಂ ಬೇಕು. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ಬರುವ ಇಂಥ ನರದ ನೋವಿಗೆ ರಾತ್ರಿ 10ರಿಂದ ಶುರುಮಾಡಿ, ಅಗತ್ಯವಿದ್ದರೆ ನಿಧಾನವಾಗಿ ಏರಿಸುತ್ತಾರೆ. 75 ದಾಟುವುದು ಅಪರೂಪ. ನೋವಿನ ಸುದ್ದಿ ಬೆನ್ನುಹುರಿಯಿಂದ ಮೇಲೆ ಹೋಗದಂತೆ ಮಿದುಳು ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ ತಡೆ ಹಾಕುತ್ತದೆ. ಅವೆರಡೂ ಬೇಗ ಹೀರಿಹೋಗದಂತೆ ನೋಡಿಕೊಳ್ಳುವುದು ಈ ಮಾತ್ರೆಯ ಕೆಲಸ. ಇಲ್ಲಿ ಕೆಟ್ಟಿರುವುದು ನರವೇ ಆದ್ದರಿಂದ ಪ್ಯಾರಾಸಿಟಮಾಲ್ ನುಂಗಿ ಹೆಚ್ಚು ಪ್ರಯೋಜನವಿಲ್ಲ.

ಹಾಗಾದರೆ ಲೇಬಲ್ಲಿನಲ್ಲಿ ನರದ ನೋವಿನ ಹೆಸರು ಯಾಕಿಲ್ಲ? ಕಂಪನಿ ಯಾವ ಕಾಯಿಲೆಗೆ ಪ್ರಯೋಗ ನಡೆಸಿ ಅರ್ಜಿ ಹಾಕುತ್ತದೋ ಅದಕ್ಕಷ್ಟೇ ಒಪ್ಪಿಗೆ ಸಿಗುವುದು. ಅಮೆರಿಕ 1961ರಲ್ಲಿ ಖಿನ್ನತೆಗೆಂದು ಒಪ್ಪಿತು. ಅಲ್ಲಿನ ಲೇಬಲ್ಲಿನಲ್ಲಿ ನರದ ನೋವು ಇವತ್ತಿಗೂ ಇಲ್ಲ. ಪೇಟೆಂಟ್ ಮುಗಿದು ದಶಕಗಳಾದ ಅಗ್ಗದ ಮಾತ್ರೆಗೆ ಹೊಸ ಪ್ರಯೋಗದ ಖರ್ಚು ಯಾರು ಹಾಕುತ್ತಾರೆ? ಯುರೋಪಿನ ಔಷಧ ಸಂಸ್ಥೆ ಮಾತ್ರ 2017ರಲ್ಲಿ ನರದ ನೋವನ್ನೂ ಮೈಗ್ರೇನ್ ತಡೆಯನ್ನೂ ಪಟ್ಟಿಗೆ ಸೇರಿಸಿತು. ಮಾತ್ರೆ ಅದೇ, ಸಮುದ್ರ ದಾಟಿದರೆ ಲೇಬಲ್ ಬೇರೆ.

ಆದರೆ ಎಲ್ಲರಿಗೂ ಆಗಿಬರುವ ಮಾತ್ರೆ ಇದಲ್ಲ. ಹೃದಯದ ಬಡಿತದ ತೊಂದರೆ, ಹಿಂದೆ ಹಾರ್ಟ್ ಅಟ್ಯಾಕ್, ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ), ಮೂತ್ರ ಕಟ್ಟುವುದು ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಟ್ರಮಡಾಲ್ ಎಂಬ ನೋವಿನ ಮಾತ್ರೆ ನಡೆಯುತ್ತಿದ್ದರೆ ಅದನ್ನಂತೂ ಖಂಡಿತ ಹೇಳಿ. ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು, ಫಿಟ್ಸ್ ಬರುವ ಅಪಾಯವೂ ಹೆಚ್ಚು. ಈ ಜೋಡಿ ನೋವಿನ ಚೀಟಿಗಳಲ್ಲಿ ಕಣ್ತಪ್ಪಿ ಬಂದುಬಿಡುತ್ತದೆ.

ಮಲಗುವ ಒಂದೆರಡು ಗಂಟೆ ಮುಂಚೆ ಕೊಡಿ, ಬೆಳಗ್ಗೆ ಮಂಪರು ಕಡಿಮೆಯಾಗುತ್ತದೆ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ರಾತ್ರಿ ಬಚ್ಚಲಿಗೆ ಹೋಗಲು ದಿಢೀರನೆ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತಬಹುದು, ವಯಸ್ಸಾದವರು ಬೀಳುವುದೇ ಹೀಗೆ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲಿ. ನಿದ್ದೆ ಮೊದಲ ದಿನಗಳಲ್ಲೇ ಸುಧಾರಿಸಬಹುದು, ಉರಿ ತಗ್ಗಲು ಕೆಲವು ವಾರ ಬೇಕು. ಎಂಟನೇ ದಿನಕ್ಕೆ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುವವರಿದ್ದಾರೆ. ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ಇಳಿಸುತ್ತಾ ಬರಬೇಕು. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರೆಯನ್ನು ಬೀಗ ಹಾಕಿಡಿ, ಚಿಕ್ಕವರಿಗೆ ಕೆಲವೇ ಮಾತ್ರೆ ಪ್ರಾಣಕ್ಕೆ ಕುತ್ತು.

ಇನ್ನೊಂದು, ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ. ನಮ್ಮಲ್ಲಿ ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಜೆಪಾಕ್ಸೈಡ್ ಎಂಬ ಆತಂಕ ತಗ್ಗಿಸುವ ಔಷಧ ಸೇರಿಸಿದ ಮಾತ್ರೆಯೂ ಸಿಗುತ್ತದೆ. ಅದು ಚಟ ಹಿಡಿಸಬಲ್ಲ ಔಷಧ, ನಿಮ್ಮ ತಾಯಿಗೆ ಬರೆದದ್ದಲ್ಲ. ಅದನ್ನು ಕೊಟ್ಟಿದ್ದರೆ ವಾಪಸ್ ಮಾಡಿ, ಚೀಟಿಯಲ್ಲಿರುವುದನ್ನೇ ಕೇಳಿ ತೆಗೆದುಕೊಳ್ಳಿ.